ಎಡಗಣ್ಣು ಮುಂದಿದ್ದರೆ ಬಲಗಣ್ಣು ವೀಕ್ ಅಂತಾನಾ? ಮಗಳ ರೈಫಲ್ ಟ್ರೈನಿಂಗ್‌ನಲ್ಲಿ ಎದ್ದ ಪ್ರಶ್ನೆ

ಗುಬ್ಬಿ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ, ಎನ್‌ಸಿಸಿಯಲ್ಲೂ ಇದ್ದಾಳೆ. ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಕೊಟ್ಟು ಗುರಿ ಹೊಡೆಸಿದರಂತೆ. ಇವಳು ಬಲಗೈಯವಳು. ಬಲಭುಜಕ್ಕೇ ರೈಫಲ್ ಇಟ್ಟುಕೊಳ್ಳುತ್ತಾಳೆ. ಆದರೆ ಕತ್ತು ವಾಲಿಸಿ ಎಡಗಣ್ಣಲ್ಲಿ ಸೈಟ್ ನೋಡೋಕೆ ಹೋಗುತ್ತಾಳೆ. ಕಲಿಸುವವರು ಗದರಿ, "ನಿನ್ನ ಬಲಗಣ್ಣು ವೀಕು, ಡಾಕ್ಟರಿಗೆ ತೋರಿಸು" ಅಂದಿದ್ದಾರೆ. ತೋರಿಸಿದೆವು. ಎರಡೂ ಕಣ್ಣು 6/6, ಕನ್ನಡಕ ಬೇಡ ಅಂದರು.

ಹಾಗಾದರೆ ಇದೇನು? ಮೊಬೈಲಲ್ಲಿ ಹುಡುಕಿದರೆ 'ಡಾಮಿನೆಂಟ್ ಕಣ್ಣು' ಅಂತ ಏನೇನೋ ಬರುತ್ತೆ. ಒಂದೇ ಕಣ್ಣು ಯಜಮಾನಿಕೆ ಮಾಡಿದರೆ ದೂರ-ಹತ್ತಿರ ಅಳೆಯೋದು ಕಷ್ಟ, ಗಾಡಿ ಓಡಿಸಬಾರದು ಅಂತ ಯಾರೋ ವಿಡಿಯೋ ಮಾಡಿ ಹಾಕಿದ್ದಾರೆ. ಅವಳಮ್ಮ ಅದನ್ನು ನೋಡಿ ಸ್ಕೂಟಿ ಕೀ ಬಚ್ಚಿಟ್ಟಿದ್ದಾಳೆ. ತಿಳಿದವರು ಹೇಳಿ.

ಎಡಚ_ತಿಪಟೂರು

ಹೆಣ್ಣುಮಕ್ಕಳಿಗೆ ಎಡಗಣ್ಣು ಅದುರಿದರೇ ಶುಭ ಅಂತಾರೆ. ಎಡಗಣ್ಣೇ ಯಜಮಾನ ಆದರೆ ಕೇಳಬೇಕಾ ಅಣ್ಣ!

ತಮಾಷೆ ಬಿಡಿ. ಎಡಗಣ್ಣು ಅಂದರೆ ಬಲ ಮಿದುಳು. ಬಲ ಮಿದುಳು ಅಂದರೆ ಚಿತ್ರ, ಸಂಗೀತ. ಮಗಳನ್ನ ಆ ಕಡೆ ಬಿಡಿ, ಬಂದೂಕು ಯಾಕೆ?

ಕಣ್ಣುಪರೀಕ್ಷೆ_ತುಮಕೂರು

ತಿಪಟೂರಿನವರೇ, ಆ ಲೆಕ್ಕ ಕೈಕಾಲಿಗೆ ಸರಿ, ಕಣ್ಣಿಗೆ ಸರಿಹೋಗಲ್ಲ. ಎರಡೂ ಕಣ್ಣಿನಿಂದ ಹೊರಟ ನರಗಳು ಮಿದುಳಿನ ತಳದಲ್ಲಿ ಒಂದು ಕಡೆ ಸೇರುತ್ತವೆ. ಅಲ್ಲಿ ಪ್ರತಿ ಕಣ್ಣಿನ ನರದ ಎಳೆಗಳಲ್ಲಿ ಸುಮಾರು ಅರ್ಧ ಮಾತ್ರ ಆ ಬದಿಗೆ ದಾಟುತ್ತವೆ, ಉಳಿದವು ತಮ್ಮ ಬದಿಯಲ್ಲೇ ಮುಂದೆ ಹೋಗುತ್ತವೆ. ನಿಮ್ಮ ಎದುರಿನ ನೋಟದಲ್ಲಿ ಎಡಭಾಗ ಏನಿದೆಯೋ ಅದು ಎರಡೂ ಕಣ್ಣಿನಿಂದ ಬಲ ಮಿದುಳಿಗೆ ಹೋಗುತ್ತೆ. ಬಲಭಾಗದ್ದು ಎಡ ಮಿದುಳಿಗೆ. ಎಡಗಣ್ಣಿಗೆ ಅಂತಲೇ ಒಂದು ಮಿದುಳು ಇಲ್ಲ.

ಗುಬ್ಬಿ ಅಪ್ಪ ಅವರೇ, ನಾನು ಆಪ್ಟೋಮೆಟ್ರಿಸ್ಟ್. ದಿನಾ ಇದೇ ಕೆಲಸ. ನಿಮ್ಮ ಮಗಳ ಕಣ್ಣಲ್ಲಿ ಯಾವ ದೋಷವೂ ಇರುವ ಹಾಗೆ ಕಾಣಲ್ಲ. ಮೂರರಲ್ಲಿ ಎರಡು ಪಾಲು ಜನಕ್ಕೆ ಬಲಗಣ್ಣು ಮುಂದು, ಹೆಚ್ಚುಕಮ್ಮಿ ಒಂದು ಪಾಲು ಜನಕ್ಕೆ ಎಡಗಣ್ಣು ಮುಂದು. ಬಲಗೈಯವರಲ್ಲೂ ಎಡಗಣ್ಣಿನವರು ಬೇಕಾದಷ್ಟು ಜನ ಇದ್ದಾರೆ. ಚಾರ್ಟಿನಲ್ಲಿ ಯಾವ ಕಣ್ಣು ಚೆನ್ನಾಗಿ ಓದುತ್ತೆ ಅನ್ನೋದೇ ಬೇರೆ, ಗುರಿ ನೋಡೋಕೆ ಯಾವ ಕಣ್ಣು ಮುಂದೆ ಬರುತ್ತೆ ಅನ್ನೋದೇ ಬೇರೆ.

ಮನೆಯಲ್ಲೇ ನೋಡಿಕೊಳ್ಳಬಹುದು. ಎರಡೂ ಕೈ ನೇರ ಮುಂದೆ ಚಾಚಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದು ಒಂದರ ಮೇಲೊಂದು ಬರುವ ಹಾಗೆ ಅಂಗೈ ಜೋಡಿಸಿ. ಮಧ್ಯೆ ಪುಟ್ಟ ಕಿಂಡಿ ಉಳಿಯುತ್ತೆ. ಎರಡೂ ಕಣ್ಣು ಬಿಟ್ಟುಕೊಂಡೇ ಅದರೊಳಗೆ ಎದುರು ಗೋಡೆಯ ಸ್ವಿಚ್ ನೋಡಿ. ಈಗ ಒಂದು ಸಲ ಎಡಗಣ್ಣು, ಒಂದು ಸಲ ಬಲಗಣ್ಣು ಮುಚ್ಚಿ. ಯಾವುದನ್ನು ಮುಚ್ಚಿದಾಗ ಸ್ವಿಚ್ ಮಾಯ ಆಗುತ್ತೋ ಅದೇ ಮುಂದಾಳು. ಕಣ್ಣು ಮಿಟುಕಿಸಲು ಬರದ ಮಕ್ಕಳಿಗೆ ಕೈಯನ್ನು ಮೆಲ್ಲಗೆ ಮುಖದ ಹತ್ತಿರ ತರಲು ಹೇಳುತ್ತೇವೆ. ಕಿಂಡಿ ತಾನಾಗಿ ಒಂದು ಕಣ್ಣಿನ ಮುಂದೆ ಬಂದು ನಿಲ್ಲುತ್ತೆ.

ಇನ್ನೊಂದು ಮಾತು. ಈ ಯಜಮಾನಿಕೆ ಕಲ್ಲಲ್ಲಿ ಕೆತ್ತಿದ್ದಲ್ಲ. ವಸ್ತು ತುಂಬಾ ಬಲಕ್ಕಿದ್ದರೆ ಬಲಗಣ್ಣು, ಎಡಕ್ಕಿದ್ದರೆ ಎಡಗಣ್ಣು ಮುಂದೆ ಬರೋದನ್ನು 2001ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಪರೀಕ್ಷೆ ಮಾಡುವಾಗ ಸ್ವಿಚ್ ನೇರ ಎದುರಿಗೇ ಇರಲಿ.

ಗಾರೆಕೆಲಸ_ಕೊರಟಗೆರೆ

ಮಾಡಿ ನೋಡಿದೆ ಮೇಡಂ, ನಂದು ಬಲಗಣ್ಣು. ನಮ್ಮ ಕೆಲಸದಲ್ಲಿ ಇದು ದಿನಾ ಇದ್ದದ್ದೇ. ಗೋಡೆ ಸಾಲು ನೇರ ಇದೆಯಾ ನೋಡಬೇಕಾದರೆ ಮೂಲೆಯಲ್ಲಿ ಕೂತು, ದಾರದ ಮಟ್ಟಕ್ಕೆ ಮುಖ ಇಳಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತೇವೆ. ಒಂದು ಇಟ್ಟಿಗೆ ಕೂದಲೆಳೆ ಹೊರಗೆ ಬಂದಿದ್ದರೂ ಗೊತ್ತಾಗುತ್ತೆ. ಎರಡು ಕಣ್ಣು ಬಿಟ್ಟರೆ ದಾರ ಎರಡೆರಡು ಕಾಣುತ್ತೆ, ತಲೆ ಕೆಡುತ್ತೆ. ಬಡಗಿಗಳೂ ಅಷ್ಟೇ, ಹಲಗೆ ಡೊಂಕು ನೋಡೋದು ಒಂದೇ ಕಣ್ಣಲ್ಲಿ.

ಆದರೆ ಸಾರವೆ ಮೇಲೆ ನಿಂತಾಗ ಕೆಳಗಿನಿಂದ ಇಟ್ಟಿಗೆ ಎಸೆಯುತ್ತಾರಲ್ಲ, ಅದನ್ನ ಒಂದು ಕಣ್ಣು ಮುಚ್ಚಿಕೊಂಡು ಹಿಡಿಯಿರಿ ನೋಡೋಣ! ಇದು ಯಾಕೆ ಹೀಗೆ?

ಮಧುಗಿರಿ_ಮೇಷ್ಟ್ರು

ಮೇಸ್ತ್ರಿ, ನೀವು ಕೇಳಿದ್ದರಲ್ಲೇ ಗುಬ್ಬಿಯವರ ಉತ್ತರ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ. ಫಿಸಿಕ್ಸ್ ಮೇಷ್ಟ್ರು ರಿಟೈರ್ ಆದರೂ ಪಾಠ ಬಿಡಲ್ಲ, ಸಹಿಸಿಕೊಳ್ಳಿ.

ಎದುರಿನ ತೆಂಗಿನ ಮರ ನೋಡುತ್ತಾ ಮೂಗಿನ ಮುಂದೆ ಒಂದು ಬೆರಳು ಹಿಡಿಯಿರಿ. ಬೆರಳು ಎರಡಾಗುತ್ತೆ, ಎರಡೂ ತೆಳ್ಳಗೆ, ಹಿಂದಿನದು ಕಾಣುವ ಹಾಗೆ. ಈಗ ಬೆರಳನ್ನೇ ದಿಟ್ಟಿಸಿ. ಮರ ಎರಡಾಗುತ್ತೆ. ಇದು ದಿನವಿಡೀ ನಡೆಯುತ್ತಲೇ ಇರುತ್ತೆ. ಮಿದುಳು ಅದನ್ನು ಪಕ್ಕಕ್ಕೆ ಸರಿಸುವುದರಿಂದ ನಮಗೆ ಗೊತ್ತಾಗಲ್ಲ. ಆದರೆ 'ಬೆರಳನ್ನು ಮರಕ್ಕೆ ಹೊಂದಿಸು' ಅಂದರೆ ಎರಡು ಬೆರಳಲ್ಲಿ ಒಂದನ್ನು ಆರಿಸಲೇಬೇಕು. ಯಾವ ಕಣ್ಣಿನ ಬೆರಳನ್ನು ಆರಿಸುತ್ತೀರೋ ಅದು ಮುಂದಾಳು ಕಣ್ಣು. ಇಟಲಿಯ ಜಾಂಬತ್ತಿಸ್ತಾ ದೆಲ್ಲಾ ಪೋರ್ತಾ 1593ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ದಾರ, ಹಲಗೆ, ರೈಫಲ್ ಎಲ್ಲ ಇದೇ ಜಾತಿ ಕೆಲಸ. ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಗೆರೆಗೆ ತರೋದು. ಗೆರೆ ಒಂದು ಬಿಂದುವಿನಿಂದಲೇ ಹೊರಡಬೇಕು. ಅದಕ್ಕೇ ಒಂದು ಕಣ್ಣು.

ಆಳದ್ದು ಬೇರೆ ಕೆಲಸ. ದೊಡ್ಡವರಲ್ಲಿ ಎರಡು ಪಾಪೆಗಳ ನಡುವೆ ಸರಾಸರಿ 6.3 ಸೆಂಟಿಮೀಟರ್ ಅಂತರ. ಅಷ್ಟಕ್ಕೇ ಎರಡು ಕಣ್ಣಿನ ಚಿತ್ರಗಳಲ್ಲಿ ಸಣ್ಣ ವ್ಯತ್ಯಾಸ. ಜಮೀನು ಸರ್ವೆಯವರು ಎರಡು ಕಡೆ ನಿಂತು ಕೋನ ಅಳೆದು ದೂರ ತೆಗೆಯುತ್ತಾರಲ್ಲ, ಮಿದುಳು ಮಾಡೋದು ಆ ಜಾತಿಯ ಕೆಲಸ. ಇದನ್ನು ಮೊದಲು ಸಾಬೀತು ಮಾಡಿದ್ದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್, 1838ರಲ್ಲಿ. ಆಗಿನ್ನೂ ಫೋಟೋಗ್ರಫಿ ಲೋಕದ ಮುಂದೆ ಬಂದಿರಲಿಲ್ಲ. ಅವನು ಕೈಯಲ್ಲಿ ಗೆರೆ ಎಳೆದ ಎರಡು ಚಿತ್ರ ಮಾಡಿದ. ಒಂದು ಎಡಗಣ್ಣಿಗೆ ಕಾಣುವ ಹಾಗೆ, ಒಂದು ಬಲಗಣ್ಣಿಗೆ. ಓರೆಯಾಗಿ ನಿಲ್ಲಿಸಿದ ಎರಡು ಕನ್ನಡಿಯಲ್ಲಿ ಎರಡನ್ನೂ ಒಟ್ಟಿಗೆ ತೋರಿಸಿದ. ಚಪ್ಪಟೆ ಗೆರೆಗಳು ಎದ್ದು ನಿಂತ ಪೆಟ್ಟಿಗೆಯಾಗಿ ಕಂಡವು.

ಎಡಚ_ತಿಪಟೂರು

ಸರಿ ಮೇಷ್ಟ್ರೇ, ಒಪ್ಪಿದೆ. ಆದರೂ ಚಿತ್ರ ಕೊಡೋದು ಯಜಮಾನ ಕಣ್ಣು, ಇನ್ನೊಂದು ಬರೀ ಸಹಾಯಕ. ಹಾಗೆ ತಾನೇ? ಆಗ ಆಳವೂ ಜಾಸ್ತಿ ಯಜಮಾನನಿಂದಲೇ ಬಂದ ಹಾಗಾಯಿತು.

ಮಧುಗಿರಿ_ಮೇಷ್ಟ್ರು

ಇಲ್ಲಪ್ಪ. ಅದಕ್ಕೆ ಒಂದು ಸೊಗಸಾದ ಪುರಾವೆ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಬೇಲಾ ಯೂಲೆಸ್ 1960ರ ಹೊತ್ತಿಗೆ ಕಂಪ್ಯೂಟರಿನಲ್ಲಿ ಬರೀ ಚುಕ್ಕಿಗಳ ಎರಡು ಚೌಕ ಮಾಡಿದ. ಚುಕ್ಕಿಗಳಿಗೆ ಯಾವ ಆಕಾರವೂ ಇಲ್ಲ, ರಾಗಿ ಚೆಲ್ಲಿದರೆ ಹೇಗೆ ಬೀಳುತ್ತೋ ಹಾಗೆ. ಎರಡೂ ಚೌಕ ಒಂದೇ ನಕಲು. ಒಂದರಲ್ಲಿ ಮಾತ್ರ ನಡುವಿನ ತುಂಡನ್ನು ಸ್ವಲ್ಪ ಪಕ್ಕಕ್ಕೆ ಜರುಗಿಸಿದ್ದ. ಎಡಗಣ್ಣಲ್ಲಿ ನೋಡಿ, ಬರೀ ಚುಕ್ಕಿ. ಬಲಗಣ್ಣಲ್ಲಿ ನೋಡಿ, ಬರೀ ಚುಕ್ಕಿ. ಎರಡನ್ನೂ ಸೇರಿಸಿ ನೋಡಿದರೆ ನಡುವೆ ಒಂದು ಚೌಕ ಕಾಗದ ಬಿಟ್ಟು ಮೇಲೆದ್ದು ತೇಲುತ್ತೆ!

ಆ ಚೌಕ ಯಾವ ಕಣ್ಣಿನಲ್ಲೂ ಇರಲಿಲ್ಲ. ಯಜಮಾನನ ಹತ್ತಿರವೂ ಇರಲಿಲ್ಲ, ಸಹಾಯಕನ ಹತ್ತಿರವೂ ಇರಲಿಲ್ಲ. ಎರಡರ ವ್ಯತ್ಯಾಸದಲ್ಲಿ ಮಾತ್ರ ಇತ್ತು. ಆಳದ ವಿಷಯದಲ್ಲಿ ಯಜಮಾನ-ಸಹಾಯಕ ಅನ್ನೋ ಮಾತಿಗೇ ಜಾಗ ಇಲ್ಲ.

ಗುಬ್ಬಿ_ಅಪ್ಪ

ಓದಿ ಮಗಳಿಗೂ ತೋರಿಸಿದೆ. ಕಿಂಡಿ ಪರೀಕ್ಷೆಯಲ್ಲಿ ಅವಳದು ಪಕ್ಕಾ ಎಡಗಣ್ಣು. ಅವಳಮ್ಮನದೂ ಎಡಗಣ್ಣೇ! ಸ್ಕೂಟಿ ಕೀ ವಾಪಸ್ ಬಂತು.

ಆದರೂ ಕೇಳುತ್ತೇನೆ. ರಸ್ತೆಯಲ್ಲಿ ಎದುರಿನ ಲಾರಿ ಎಷ್ಟು ದೂರ ಇದೆ ಅಂತ ಈ ಎರಡು ಕಣ್ಣಿನ ಲೆಕ್ಕದಿಂದಲೇ ಗೊತ್ತಾಗೋದಾ?

ಮಧುಗಿರಿ_ಮೇಷ್ಟ್ರು

ಇಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ. ಪರೀಕ್ಷೆಯಲ್ಲಿ 40 ಆರ್ಕ್ ಸೆಕೆಂಡ್ ವ್ಯತ್ಯಾಸ ಗುರುತಿಸಿದರೆ ಚೆನ್ನಾಗಿದೆ ಅಂತಾರೆ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲಿ 40 ಭಾಗ. ಅಂಥ ಕಣ್ಣಿಗೆ 1 ಮೀಟರ್ ದೂರದಲ್ಲಿ ಸುಮಾರು 3 ಮಿಲಿಮೀಟರ್ ಹಿಂದುಮುಂದು ಗೊತ್ತಾಗುತ್ತೆ. 10 ಮೀಟರಿನಲ್ಲಿ ಸುಮಾರು 30 ಸೆಂಟಿಮೀಟರ್, ಅಂದರೆ ಒಂದಡಿ. 100 ಮೀಟರಿನಲ್ಲಿ? 30 ಮೀಟರ್! ದೂರ ಹತ್ತು ಪಟ್ಟಾದರೆ ತಪ್ಪು ನೂರು ಪಟ್ಟು. 300 ಮೀಟರ್ ದಾಟಿದ ಮೇಲೆ ಆ ಕಣ್ಣಿಗೆ ಮರವೂ ಒಂದೇ, ಅದರ ಹಿಂದಿನ ಬೆಟ್ಟವೂ ಒಂದೇ.

ಹಾಗಾದರೆ ದೂರದ ಲಾರಿ? ಅದು ದೊಡ್ಡದಾಗುತ್ತಾ ಬರುವ ವೇಗ, ರಸ್ತೆಯ ಎರಡು ಅಂಚು ಕೂಡುತ್ತಾ ಹೋಗುವುದು, ಯಾವುದು ಯಾವುದನ್ನು ಮರೆ ಮಾಡಿದೆ, ನೆರಳು ಎಲ್ಲಿ ಬಿದ್ದಿದೆ, ನಾವು ಚಲಿಸುವಾಗ ಹತ್ತಿರದ್ದು ಬೇಗ ಹಿಂದೆ ಓಡುವುದು. ಇವೆಲ್ಲ ಒಂದೇ ಕಣ್ಣಿಗೂ ಸಿಗುವ ಸುಳಿವು. ನಮ್ಮ ಮಧುಗಿರಿ ಏಕಶಿಲೆ ಬೆಟ್ಟವನ್ನೇ ನೋಡಿ. ಬೇಸಿಗೆ ಧೂಳಲ್ಲಿ ಎಲ್ಲೋ ದೂರ ನಿಂತಿರುತ್ತೆ. ಮಳೆ ಬಂದು ಹೋದ ಬೆಳಿಗ್ಗೆ ಊರ ಹಿತ್ತಿಲಿಗೇ ಬಂದ ಹಾಗೆ ಕಾಣುತ್ತೆ. ಬೆಟ್ಟ ಜರುಗಿಲ್ಲ, ನಡುವಿನ ಗಾಳಿ ತಿಳಿಯಾಗಿದೆ. ಅಲ್ಲಿ ಎರಡು ಕಣ್ಣಿನ ಲೆಕ್ಕ ಏನೇನೂ ಇಲ್ಲ.

ಎರಡು ಕಣ್ಣಿನ ನಿಜವಾದ ರಾಜ್ಯ ಕೈಗೆಟುಕುವ ದೂರ. ಸೂಜಿಗೆ ದಾರ, ಲೋಟಕ್ಕೆ ನೀರು, ಮೇಸ್ತ್ರಿಯ ಇಟ್ಟಿಗೆ ಕೈ ಸೇರುವ ಆ ಕೊನೆಯ ಗಳಿಗೆ. ಇಟ್ಟಿಗೆ ಅಷ್ಟು ದೂರ ಹಾರಿ ಬರುವಾಗ ಮಾತ್ರ ಒಂದು ಕಣ್ಣಿನ ಸುಳಿವೂ ಸಾಕಷ್ಟು ಕೆಲಸ ಮಾಡುತ್ತೆ.

ಗಲ್ಲಿಕ್ರಿಕೆಟ್_ಕೋಲಾರ

ಇಷ್ಟು ಹೊತ್ತಾದರೂ ಪಟೌಡಿ ಹೆಸರು ಯಾರೂ ಎತ್ತಲಿಲ್ಲವಲ್ಲ! 1961ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಕಾರ್ ಆಕ್ಸಿಡೆಂಟ್, ಬಲಗಣ್ಣು ಹೋಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟೆಸ್ಟ್ ಆಡಿದರು. 1962ರಲ್ಲಿ 21ನೇ ವಯಸ್ಸಿಗೆ ಕ್ಯಾಪ್ಟನ್. 1964ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 203. ಒಂದು ಕಣ್ಣಲ್ಲಿ ಇಷ್ಟು ಆಗುತ್ತೆ ಅಂದರೆ ಈ 3 ಮಿಲಿಮೀಟರ್ ಲೆಕ್ಕ ಎಲ್ಲ ಯಾಕೆ?

ಕಣ್ಣುಪರೀಕ್ಷೆ_ತುಮಕೂರು

ಅವರ ಕಥೆ ಮೇಷ್ಟ್ರ ಲೆಕ್ಕಕ್ಕೇ ಸಾಕ್ಷಿ. ಬೌಲರ್ ಕೈಯಿಂದ ಬರುವ ಚೆಂಡಿಗೆ ಒಂದು ಕಣ್ಣಿನ ಸುಳಿವು ಸಿಗುತ್ತೆ. ಆದರೆ ಆಕ್ಸಿಡೆಂಟ್ ಆದ ಹೊಸದರಲ್ಲಿ ಅವರು ಜಗ್ಗಿನಿಂದ ನೀರು ಸುರಿದರೆ ಲೋಟ ತಪ್ಪಿ ಮೇಜಿನ ಮೇಲೆ ಬೀಳುತ್ತಿತ್ತು. ಆ ಕಣ್ಣಲ್ಲಿ ಅಲ್ಪಸ್ವಲ್ಪ ಮಸುಕು ನೋಟ ಉಳಿದಿದ್ದರಿಂದ ಚೆಂಡು ಎರಡೆರಡು ಕಾಣುತ್ತಿತ್ತು. ಕ್ಯಾಪ್ ಎಳೆದು ಬಲಗಣ್ಣಿಗೆ ಮರೆ ಮಾಡಿಕೊಂಡೂ ಆಡಿದ್ದಾರೆ. ಅರೆಬರೆ ಕಾಣುವ ಎರಡನೇ ಕಣ್ಣು ಪೂರ್ತಿ ಇಲ್ಲದ್ದಕ್ಕಿಂತ ಜಾಸ್ತಿ ಕಾಟ ಕೊಡಬಹುದು.

ಶಿಡ್ಲಘಟ್ಟ_ನೂಲು

ಮೇಡಂ ಹೇಳಿದ್ದು ನಮ್ಮ ಮನೆಯಲ್ಲೇ ನಡೆಯುತ್ತಿದೆ. ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ. ನಮ್ಮತ್ತೆ ಚಿಕ್ಕಂದಿನಿಂದ ಬೇಸಿನ್ ಮುಂದೆ ಕೂತವರು. ಬಿಸಿನೀರಲ್ಲಿ ಗೂಡು ಕುಣಿಯುತ್ತಿರುತ್ತೆ, ಹಬೆ ಮುಖಕ್ಕೇ ಹೊಡೆಯುತ್ತೆ. ಒಂದು ಗೂಡು ಮುಗಿದರೆ ಹೊಸ ಗೂಡಿನ ಎಳೆ ಹುಡುಕಿ, ಬೆರಳ ತುದಿಯಿಂದ ಓಡುತ್ತಿರುವ ನೂಲಿಗೆ ಹಚ್ಚಬೇಕು. ಎಳೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ, ಅಷ್ಟು ಸಣ್ಣ. ಅತ್ತೆ ಮಾತಾಡುತ್ತಲೇ ಹಚ್ಚಿಬಿಡುತ್ತಿದ್ದರು.

ಈಗ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಆದ ಕಣ್ಣು ಪಳಪಳ ಕಾಣುತ್ತೆ ಅಂತಾರೆ. ಆದರೆ ಎಳೆ ನೂಲಿಗೆ ಮುಟ್ಟುವ ಮೊದಲೇ ಬೆರಳು ಬಿಡುತ್ತಾರೆ. ಕಾಫಿ ಬಗ್ಗಿಸಿದರೆ ಲೋಟದ ಅಂಚಿಗೆ. ಇನ್ನೊಂದು ವಿಚಿತ್ರ. ರಸ್ತೆ ದಾಟುವಾಗ ಎಡದಿಂದ ಬರುವ ಬೈಕು ದೂರ ಅನಿಸುತ್ತೆ, ಬಲದಿಂದ ಬರೋದು ಮೈಮೇಲೇ ಬಂದ ಹಾಗೆ ಅಂತಾರೆ. ಭ್ರಮೆ ಅಂತ ನಮ್ಮೆಜಮಾನ್ರು ನಗುತ್ತಾರೆ. ಇದಕ್ಕೂ ಕಾರಣ ಇದೆಯಾ?

ಕಣ್ಣುಪರೀಕ್ಷೆ_ತುಮಕೂರು

ನಗಬೇಡಿ ಅಂತ ಹೇಳಿ ಅಕ್ಕ. ಅತ್ತೆಗೆ ಪೊರೆ ಉಳಿದಿರೋದು ಎಡಗಣ್ಣಿನಲ್ಲಾ?

ಶಿಡ್ಲಘಟ್ಟ_ನೂಲು

ಹೌದು ಮೇಡಂ! ನಾನು ಬರೆದೇ ಇರಲಿಲ್ಲವಲ್ಲ, ಹೇಗೆ ಗೊತ್ತಾಯಿತು?

ಕಣ್ಣುಪರೀಕ್ಷೆ_ತುಮಕೂರು

ಅವರು ಹೇಳಿದ ದಿಕ್ಕಿನಿಂದಲೇ. ಇದಕ್ಕೆ ಪುಲ್‌ಫ್ರಿಶ್ ಎಫೆಕ್ಟ್ ಅಂತ ಹೆಸರು. ಜರ್ಮನಿಯ ಯೇನಾ ಊರಿನ ಜೈಸ್ ಕಂಪನಿಯಲ್ಲಿದ್ದ ಕಾರ್ಲ್ ಪುಲ್‌ಫ್ರಿಶ್ 1922ರಲ್ಲಿ ಇದನ್ನು ವಿವರಿಸಿದರು. ತಮಾಷೆ ಅಂದರೆ ಅವರಿಗೆ ಆಗ ಒಂದೇ ಕಣ್ಣು ಕಾಣುತ್ತಿತ್ತು. ಹೆಸರು ಅವರದು, ಆದರೆ ಅವರಿಗೇ ಅದು ಕಾಣುವ ಹಾಗಿರಲಿಲ್ಲ.

ಎಲ್ಲರೂ ಮಾಡಿ ನೋಡಿ. ದಾರಕ್ಕೆ ಬೀಗದ ಕೀ ಕಟ್ಟಿ. ಒಬ್ಬರು ನಿಮ್ಮ ಎದುರು ನಾಲ್ಕೈದು ಹೆಜ್ಜೆ ದೂರ ನಿಂತು ಅದನ್ನು ಎಡಕ್ಕೆ-ಬಲಕ್ಕೆ ನೇರ ತೂಗಲಿ. ನೀವು ಕೂಲಿಂಗ್ ಗ್ಲಾಸಿನ ಒಂದು ಗಾಜನ್ನು ಎಡಗಣ್ಣಿಗೆ ಮಾತ್ರ ಅಡ್ಡ ಹಿಡಿದು ಎರಡೂ ಕಣ್ಣು ಬಿಟ್ಟು ನೋಡಿ. ನೇರ ತೂಗುವ ಕೀ ಉದ್ದುದ್ದ ವೃತ್ತದಲ್ಲಿ ತಿರುಗಿದ ಹಾಗೆ ಕಾಣುತ್ತೆ. ಎಡದಿಂದ ಬಲಕ್ಕೆ ಹೋಗುವಾಗ ದೂರದಲ್ಲಿ, ಬಲದಿಂದ ಎಡಕ್ಕೆ ಬರುವಾಗ ಹತ್ತಿರದಲ್ಲಿ. ಗಾಜನ್ನು ಬಲಗಣ್ಣಿಗೆ ಹಿಡಿದರೆ ಸುತ್ತು ಉಲ್ಟಾ.

ಕಾರಣ ಇಷ್ಟೇ. ಬೆಳಕು ಕಮ್ಮಿ ಬಿದ್ದ ಕಣ್ಣಿನಿಂದ ಸುದ್ದಿ ಮಿದುಳಿಗೆ ಸ್ವಲ್ಪ ತಡವಾಗಿ ಹೋಗುತ್ತೆ. ಚಲಿಸುವ ವಸ್ತು ಆ ಕಣ್ಣಿಗೆ ಒಂದು ಚೂರು ಹಿಂದಿನ ಜಾಗದಲ್ಲಿ ಕಾಣುತ್ತೆ. ಎರಡು ಕಣ್ಣಿನ ಜಾಗ ಬೇರೆ ಆಯಿತಲ್ಲ, ಮಿದುಳು ಅದನ್ನು ಆಳ ಅಂತ ಓದಿಬಿಡುತ್ತೆ. ಪೊರೆ ಇರುವ ಕಣ್ಣೂ ಕಪ್ಪು ಗಾಜಿನ ಕೆಲಸವನ್ನೇ ಮಾಡಬಹುದು. ಅತ್ತೆಯವರಿಗೆ ಇದೇ ಆಗುತ್ತಿರುವ ಹಾಗಿದೆ. ಮುಂದಿನ ಸಲ ಹೋದಾಗ ಡಾಕ್ಟರಿಗೆ ಇದನ್ನು ಹೀಗೇ ಹೇಳಿ. ಎರಡನೇ ಕಣ್ಣಿನ ಆಪರೇಷನ್ ಸುಮ್ನೆ ಮುಂದೂಡಬೇಡಿ. ಅಲ್ಲಿಯವರೆಗೆ ರಸ್ತೆ ದಾಟುವಾಗ ಯಾರಾದರೂ ಕೈ ಹಿಡಿಯಲಿ.

ಹಳೆಕೆಡೆಟ್_ಶಿರಾ

ಎಲ್ಲಾ ಸರಿ, ಆ ಹುಡುಗಿಗೆ ರೈಫಲ್ ಹೇಗೆ ಹಿಡಿಯಬೇಕು ಅಂತ ಯಾರೂ ಹೇಳಲಿಲ್ಲ! ಬಲಭುಜಕ್ಕೆ ಇಟ್ಟು ಎಡಗಣ್ಣಲ್ಲಿ ಗುರಿ ನೋಡಿದರೆ ನಳಿಗೆ ಎಡಕ್ಕೆ ತಿರುಗುತ್ತೆ, ಗುಂಡೂ ಎಡಕ್ಕೇ. ದಾರಿ ಎರಡು. ಒಂದು, ಎಡಭುಜಕ್ಕೆ ಬದಲಾಯಿಸೋದು. ಹೊಸಬಳಾದ್ದರಿಂದ ಕಲಿಯಬಹುದು. ಆದರೆ ಬೋಲ್ಟ್ ಬಲಗಡೆ ಇರುತ್ತೆ, ಪ್ರತಿ ಗುಂಡಿಗೂ ಕೈ ಅಡ್ಡ ಹಾಕಿ ಎಳೆಯಬೇಕು, ಒದ್ದಾಟ. ಇನ್ನೊಂದು, ಬಲಭುಜದಲ್ಲೇ ಇಟ್ಟು ಎಡಗಣ್ಣಿನ ಮುಂದೆ ಮರೆ ಕಟ್ಟೋದು. ಕಣ್ಣನ್ನು ಬಿಗಿಯಾಗಿ ಮುಚ್ಚಬಾರದು. ಒಂದನ್ನು ಬಿಗಿದರೆ ಇನ್ನೊಂದರ ರೆಪ್ಪೆಯೂ ಬಿಗಿಯುತ್ತೆ, ಬೇಗ ಸುಸ್ತಾಗುತ್ತೆ. ಒಲಿಂಪಿಕ್ಸ್ ನೋಡುವಾಗ ಗಮನಿಸಿ, ಶೂಟರ್‌ಗಳ ಒಂದು ಕಣ್ಣಿನ ಮುಂದೆ ಪುಟ್ಟ ಪಟ್ಟಿ ಇರುತ್ತೆ, ಕಣ್ಣು ತೆರೆದೇ ಇರುತ್ತೆ. ಪವರ್ ಇಲ್ಲದ ಕನ್ನಡಕದ ಎಡ ಗಾಜಿಗೆ ಮಸುಕು ಟೇಪ್ ಅಂಟಿಸಿದರೂ ನಡೆಯುತ್ತೆ. ಮೊದಲು ಕಲಿಸುವವರ ಒಪ್ಪಿಗೆ ಕೇಳಲಿ.

ಗುಬ್ಬಿ_ಅಪ್ಪ

ಟೇಪ್ ಐಡಿಯಾ ಮಗಳಿಗೆ ಹಿಡಿಸಿತು. ಮೇಡಂ, ಒಂದೇ ಅನುಮಾನ. ಹೀಗೆ ಮುಚ್ಚಿ ಮುಚ್ಚಿ ಎಡಗಣ್ಣು ಸೋಮಾರಿ ಆಗಿಬಿಡಲ್ಲ ಅಲ್ವಾ?

ಕಣ್ಣುಪರೀಕ್ಷೆ_ತುಮಕೂರು

ಈ ವಯಸ್ಸಿಗೆ ಆಗಲ್ಲ, ನಿಶ್ಚಿಂತೆಯಿಂದ ಇರಿ. ಸೋಮಾರಿ ಕಣ್ಣು ಚಿಕ್ಕ ಮಕ್ಕಳ ತೊಂದರೆ. ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿ ಇದನ್ನು ತೋರಿಸಿದರು. ಎಳೆಯ ಮರಿಯ ಕಣ್ಣು ಮುಚ್ಚಿದರೆ ಮಿದುಳಿನಲ್ಲಿ ಆ ಕಣ್ಣಿನ ಪಾಲನ್ನೂ ಇನ್ನೊಂದು ಕಣ್ಣು ಕಬಳಿಸುತ್ತೆ. ಬೆಳೆದ ಬೆಕ್ಕಿಗೆ ಹಾಗಾಗಲ್ಲ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಸ್ಕೂಲುಗಳ ಕ್ಯಾಂಪಿಗೆ ಹೋದಾಗ ನಾವು ಒಂದು ನೊಣದ ಚಿತ್ರ ಒಯ್ಯುತ್ತೇವೆ. ಪೋಲರಾಯ್ಡ್ ಕನ್ನಡಕ ಹಾಕಿ ನೋಡಿದರೆ ಅಂಗೈಯಗಲದ ನೊಣ ಪುಸ್ತಕದಿಂದ ಎದ್ದು ಬರುತ್ತೆ. 'ರೆಕ್ಕೆ ಹಿಡಿ ಪುಟ್ಟ' ಅಂದರೆ ಮಕ್ಕಳು ಕಾಗದಕ್ಕಿಂತ ಮೇಲೆ, ಗಾಳಿಯಲ್ಲೇ, ಬೆರಳು ಚಿವುಟುತ್ತಾರೆ. ಕೆಲವರು ಅಸಹ್ಯಪಟ್ಟು ಕೈ ಹಿಂದೆ ಎಳೆಯುತ್ತಾರೆ. ಯಾವ ಮಗು ಬೆರಳನ್ನು ನೇರ ಕಾಗದಕ್ಕೇ ಒತ್ತುತ್ತೋ ಅದರ ಅಪ್ಪ-ಅಮ್ಮನನ್ನು ಕರೆಸುತ್ತೇವೆ. ಅದು ಕಾಯಿಲೆ. ನಿಮ್ಮ ಮಗಳದು ಬರೀ ಅಭ್ಯಾಸದ ಕಣ್ಣು.

ಪಾವಗಡ_ಬಿಸಿಲು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಪ್ಪನಿಗೂ ಪೊರೆ ಆಪರೇಷನ್ ಮಾಡಬೇಕು. ಒಂದು ಕಣ್ಣಿಗೆ ದೂರದ ಲೆನ್ಸ್, ಇನ್ನೊಂದಕ್ಕೆ ಹತ್ತಿರದ ಲೆನ್ಸ್ ಹಾಕಿದರೆ ಕನ್ನಡಕವೇ ಬೇಡ ಅಂದಿದ್ದಾರೆ. ಆಳದ ಲೆಕ್ಕ ಕೆಡುತ್ತಾ?

ಕಣ್ಣುಪರೀಕ್ಷೆ_ತುಮಕೂರು

ಅದಕ್ಕೆ ಮೋನೋವಿಷನ್ ಅಂತಾರೆ. ಸಾಮಾನ್ಯವಾಗಿ ಮುಂದಾಳು ಕಣ್ಣಿಗೆ ದೂರದ್ದು, ಇನ್ನೊಂದಕ್ಕೆ ಹತ್ತಿರದ್ದು ಹಾಕುತ್ತಾರೆ. ಮುಂದಾಳು ಕಣ್ಣು ಯಾವುದು ಅಂತ ನೋಡೋದು ಚಿಕಿತ್ಸೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಕಡೆಗಳಲ್ಲಿ ಇದೂ ಒಂದು. ಯಾವ ದೂರಕ್ಕೆ ನೋಡಿದರೂ ಒಂದು ಕಣ್ಣು ಸ್ವಲ್ಪ ಮಸುಕು, ಹಾಗಾಗಿ ಸೂಕ್ಷ್ಮ ಆಳ ಕಮ್ಮಿ ಆಗೋದು ನಿಜ. ತುಂಬಾ ಜನ ಹೊಂದಿಕೊಂಡು ಆರಾಮಾಗಿದ್ದಾರೆ. ಅಪ್ಪ ರಾತ್ರಿ ಗಾಡಿ ಓಡಿಸುತ್ತಾರಾ, ಹೊಲಿಗೆ ಅಥವಾ ರಿಪೇರಿಯಂಥ ಸಣ್ಣ ಕೆಲಸ ಮಾಡುತ್ತಾರಾ ಅಂತ ಮೊದಲು ಯೋಚಿಸಿ. ಮಾಡುತ್ತಾರೆ ಅಂದರೆ ಎರಡೂ ಕಣ್ಣಿಗೆ ದೂರದ ಲೆನ್ಸ್ ಹಾಕಿಸಿ, ಓದೋಕೆ ಕನ್ನಡಕ ಇಟ್ಟುಕೊಳ್ಳೋದೇ ವಾಸಿ ಅಂತ ನನ್ನ ಅಭಿಪ್ರಾಯ. ಪೊರೆ ಇನ್ನೂ ತೆಳುವಾಗಿದ್ದರೆ ಆಪರೇಷನ್‌ಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆಲವು ದಿನ ಹಾಗೇ ಓಡಾಡಿಸಿ ನೋಡಬಹುದು. ಮೆಟ್ಟಿಲು ಇಳಿಯುವಾಗ ಏನನಿಸುತ್ತೆ ಅಂತ ಅಪ್ಪನನ್ನೇ ಕೇಳಿ. ಲೆನ್ಸ್ ಒಳಗೆ ಕೂತ ಮೇಲೆ ಬದಲಾಯಿಸೋದು ಸುಲಭ ಅಲ್ಲ.